ಸಂಜನಾಳ ದನಿ ನಿಂತ ದಿನ

ವಡೋದರದ ಅಲ್ಕಾಪುರಿಯಿಂದ ಕರೆ ಬಂದಾಗ ವಿಠ್ಠಲರಾಯರು ಎಂದಿನಂತೆ ಸಾವಿತ್ರಮ್ಮನವರ ಜೊತೆ ಹೊರಟರು. ರೈಲ್ವೆಯ ಸಿಗ್ನಲ್ ವಿಭಾಗದಿಂದ ನಿವೃತ್ತರಾದ ಆಕೆ ಕನ್ನಡಿಗರ ಮನೆಗಳ ಎಷ್ಟೋ ಗಂಟುಗಳನ್ನು ಬಿಡಿಸಿದ್ದನ್ನು ನೆರೆಮನೆಯ ರಾಯರು ಕಣ್ಣಾರೆ ಕಂಡವರು.

ನಿವೃತ್ತ ಬ್ಯಾಂಕ್ ಅಧಿಕಾರಿ ಸೀತಾರಾಮರು ದುಃಖದಿಂದ ಕುಗ್ಗಿಹೋಗಿದ್ದರು. ಅವರ ಮಗಳು ಸಂಜನಾ ಅಂಧ ವಿದ್ಯಾರ್ಥಿಗಳಿಗಾಗಿ ಆರು ವರ್ಷ ಓದಿ ಧ್ವನಿಮುದ್ರಿಸಿದ ಪಾಠಗಳೆಲ್ಲ ಮನೆಯ ಸರ್ವರಿನಲ್ಲಿದ್ದವು. ವಿಜಯದಶಮಿಯ ಬೆಳಗ್ಗೆ ಆಕೆ ತೀರಿಕೊಂಡಳು. ಹತ್ತೊಂಬತ್ತನೆಯ ದಿನ ಸರ್ವರ್ ಕೂಡ ನಿಂತಿತು. ಹಳೆಯ ಡಿಸ್ಕ್‌ಗಳು ಮತ್ತೆ ತಿರುಗಲಿಲ್ಲ. ಆ ದನಿಗೆ ಬೇರೆ ಪ್ರತಿಯಿರಲಿಲ್ಲ.

ಸರ್ವರ್‌ಗೆ ಎರಡು ಡಿಸಿ ಪವರ್ ಸಪ್ಲೈಗಳು. ಒಂದು ಕೆಟ್ಟರೆ ಇನ್ನೊಂದು ಒಂಟಿಯಾಗಿಯೇ ಹೊರೆ ಹೊರುವ ವ್ಯವಸ್ಥೆ. ಒಂದು ಸುಟ್ಟಿತ್ತು. ಇನ್ನೊಂದರ ಸ್ವಿಚ್ಚನ್ನು ಯಾರೋ ಆರಿಸಿದ್ದರು. ಸರ್ವರ್ ಕೋಣೆಯ ಬೀಗದಕೈ ಇದ್ದದ್ದು ಸೀತಾರಾಮರ ಬಳಿ ಮತ್ತು ಯಂತ್ರ ನೋಡಿಕೊಳ್ಳುವ ಚೇತನನ ಬಳಿ ಮಾತ್ರ. ಅವನ ಮೇಲೆ ಪೊಲೀಸರಿಗೆ ಕೊಡಲು ದೂರು ಸಿದ್ಧವಾಗಿತ್ತು.

ಸಾವಿತ್ರಮ್ಮ ಸ್ವಿಚ್ಚನ್ನು ಮುಟ್ಟದೆ ಬಹಳ ಹೊತ್ತು ನೋಡಿದರು. ಅದರ ಹಿಡಿಗೂ ಚೌಕಟ್ಟಿಗೂ ಸೇರಿಸಿ ಬಳಿದ ಗಂಧ ಬಿರುಕಿಲ್ಲದೆ ಒಣಗಿತ್ತು. ಬಾಡಿದ ಚೆಂಡುಹೂವಿನ ಮಾಲೆ ಎಚ್ಚರಿಕೆಯ ದೀಪವನ್ನು ಮುಚ್ಚಿತ್ತು. ಬಳಿಕ ಚೇತನನನ್ನು ವಿಚಾರಿಸಿದರು. ಈ ಮಾದರಿಯ ಸಪ್ಲೈ ಈಗ ತಯಾರಾಗುವುದಿಲ್ಲ. ಮುಂದೆ ಬೇಕಾದೀತೆಂದು ಒಂದನ್ನು ಹುಡುಕುತ್ತ ಅವನು ಅಷ್ಟಮಿಯಂದು ಅಹಮದಾಬಾದಿಗೂ, ನವಮಿಯಂದು ಸೂರತ್‌ನ ಸಚಿನ್ ಕೈಗಾರಿಕಾ ಪ್ರದೇಶಕ್ಕೂ ಹೋಗಿದ್ದ. ಅಲ್ಲಿನ ಕಾರ್ಖಾನೆಯ ಗೇಟ್‌ಪಾಸೂ ಅವನಲ್ಲಿತ್ತು. ಮರುದಿನ ಸುದ್ದಿ ಕೇಳಿ ನೇರವಾಗಿ ಸ್ಮಶಾನಕ್ಕೆ ಬಂದಿದ್ದ. ಅಂದಿನಿಂದ ಸರ್ವರ್ ನಿಲ್ಲುವವರೆಗೆ ಆ ಕೋಣೆಗೆ ಯಾರೂ ಕಾಲಿಟ್ಟಿರಲಿಲ್ಲ.

ಸಂಜೆ ಎಲ್ಲರೂ ನಡುಮನೆಯಲ್ಲಿ ಕುಳಿತರು.

“ಆಯುಧಪೂಜೆ ಯಾರು ಮಾಡಿದ್ರಿ?” ಎಂದು ಸಾವಿತ್ರಮ್ಮ ಕೇಳಿದರು.

“ನಾನೇ. ಇವನು ಊರಲ್ಲಿರಲಿಲ್ಲವಲ್ಲ,” ಎಂದರು ಸೀತಾರಾಮರು.

“ಆಮೇಲೆ ಯಾರಾದರೂ ಸ್ವಿಚ್ ಅಲುಗಿಸಿದ್ದರೆ ಗಂಧ ಒಡೀಬೇಕಿತ್ತು, ಸೀತಾರಾಮರೇ. ಒಡೆದಿಲ್ಲ. ಅಂದ ಮೇಲೆ ಗಂಧ ಹಚ್ಚೋ ಮೊದಲೇ ಅದು ಆರಿತ್ತು.” ಆಕೆಯ ದನಿ ತಗ್ಗಿತು. “ಪೂಜೆಯ ದಿನ ಆಯುಧಕ್ಕೆ ಕೆಲಸ ಕೊಡಬಾರದು ಅಂತೀವಿ. ಆದರೆ ಮಕ್ಕಳು ಪಾಠ ಕೇಳ್ತಿರ್ತಾರೆ, ಸರ್ವರ್ ನಿಲ್ಲಿಸೋ ಹಾಗಿಲ್ಲ. ಎರಡರಲ್ಲಿ ಒಂದಕ್ಕಾದರೂ ವಿಶ್ರಾಂತಿ ಸಿಗಲಿ ಅಂದುಕೊಂಡ್ರಿ, ಅಲ್ಲವೇ? ಉಳಿದದ್ದು ಒಂಟಿಯಾಗಿ ಹತ್ತೊಂಬತ್ತು ದಿನ ದುಡಿದು ಸುಟ್ಟುಹೋಯಿತು.”

ಸೀತಾರಾಮರು ತಲೆಯಾಡಿಸಿದರು. “ದಶಮಿ ಬೆಳಗ್ಗೆ ಮತ್ತೆ ಹಾಕಬೇಕಿತ್ತು. ಸಂಜು ಏಳಲೇ ಇಲ್ಲ.”

ವಿಠ್ಠಲರಾಯರಿಗೆ ತಲೆಯೆತ್ತಲಾಗಲಿಲ್ಲ. ಇಷ್ಟು ಸರಿಯಾದ ಉತ್ತರ ತಪ್ಪಾಗಿರಬಾರದಿತ್ತೆ ಎಂದು ಅವರಿಗೆ ಮೊದಲ ಬಾರಿ ಅನ್ನಿಸಿತು.

ಸೀತಾರಾಮರು ದೂರಿನ ಕಾಗದವನ್ನು ಹರಿದು ಚೇತನನತ್ತ ಕೈಮುಗಿದರು. ಅವನು ಆ ಕೈಗಳನ್ನು ಹಿಡಿದುಕೊಂಡ.

“ಬೇಡ ಅಂಕಲ್. ನಾನೂ ತಪ್ಪು ಮಾಡೀನಿ. ಸಂಜನಾ ದೀದಿ ಪ್ರತಿ ಪಾಠಕ್ಕೂ ಮುಂಚೆ ಒಂದ್ಸಲ ಕೆಮ್ಮೋರು. ರೆಕಾರ್ಡಿಂಗ್‌ನಲ್ಲಿ ಬೇಡ ಅಂತ ದಿನಾ ಕಟ್ ಮಾಡ್ತಿದ್ದೆ.”

“ಹೇಗೆ ಕೆಮ್ಮುತ್ತಿದ್ದಳು?”

ಚೇತನ ಬಾಯಿಗೆ ಮುಷ್ಟಿ ಹಿಡಿದು ಮೆಲ್ಲಗೆ ಕೆಮ್ಮಿ ತೋರಿಸಿದ.

“ಇನ್ನೊಮ್ಮೆ,” ಎಂದರು ಸೀತಾರಾಮರು, ಕಣ್ಣು ಮುಚ್ಚಿ.