ಭರಮಣ್ಣನ ಕೈಯ ನಾಲ್ಕು ಗಂಟು

ಬನ್ನಿ, ಒತ್ತೊತ್ತಾಗಿ ಕೂತ್ಕೊಳ್ಳಿ. ಕಾಲು ಮಡಚ್ಕೊ ಮಗಾ, ಹಿಂದೆ ಕೂತವಳಿಗೂ ಜಾಗ ಬೇಕು. ನೀವು ಹೂಂ ಅಂತಿದ್ದರೆ ಹೇಳ್ತೀನಿ. ನಿಮ್ಮ ಹೂಂ ನಿಂತರೆ ನನ್ನ ಕತೆನೂ ನಿಂತುಹೋಗುತ್ತೆ.

ಬಹಳ ಹಿಂದೆ ಏಳು ಕೆರೆಯ ಸೀಮೆ ಅಂತ ಒಂದು ರಾಜ್ಯವಿತ್ತು. ಮುದ್ದುರಾಜ ಅಂತ ಅದರ ದೊರೆ. ಆ ಕಾಲದಲ್ಲಿ ಅಲ್ಲಿ ಕತ್ತಿ ಹಿಡಿದು ಯುದ್ಧ ಮಾಡುತ್ತಿರಲಿಲ್ಲ, ಚೆಂಡು ಹಿಡಿದು ಮಾಡುತ್ತಿದ್ದರು. ಎರಡಾಳೆತ್ತರದ ಕಂಬ, ಅದರ ತುದಿಗೆ ತಳವಿಲ್ಲದ ಬುಟ್ಟಿ. ಈ ಕಡೆ ಐದು ಜನ, ಆ ಕಡೆ ಐದು ಜನ. ಯಾರ ಚೆಂಡು ಬುಟ್ಟಿಗೆ ಹೆಚ್ಚು ಸಲ ಬಿತ್ತೋ ಅವರಿಗೆ ಆ ವರ್ಷ ಏಳೂ ಕೆರೆಯ ನೀರು.

ಈ ಸೀಮೆಯ ಐವರಲ್ಲಿ ಭರಮಣ್ಣ ಅನ್ನೋನು ಎಲ್ಲರಿಗಿಂತ ಮಿಗಿಲು. ಅವನು ನೆಗೆದರೆ ಗಾಳಿ ಅವನನ್ನು ಒಂದು ಗಳಿಗೆ ಎತ್ತಿ ಹಿಡಿದುಕೊಳ್ಳುತ್ತಿತ್ತು. ಅವನಿಂದಾಗಿ ಕರಿಗುಡ್ಡದ ಮಾಯಗಾರ ಹೊಗೆಜಡೆ ಏಳು ವರ್ಷ ಸೋಲುತ್ತಲೇ ಬಂದ.

ಎಂಟನೇ ವರ್ಷ ಹೊಗೆಜಡೆ ತಾನೇ ಆಸ್ಥಾನಕ್ಕೆ ಬಂದ. ಅವನ ಮೂರೆಳೆಯ ಜಡೆ ನೆಲ ಗುಡಿಸುತ್ತಿತ್ತು, ಅದರಿಂದ ಹೊಗೆ ಏಳುತ್ತಿತ್ತು. ಅವನ ಮಂತ್ರವೆಲ್ಲ ಆ ಜಡೆಯಲ್ಲೇ.

"ದೊರೆ, ನಿನ್ನ ಭರಮನನ್ನು ನನಗೆ ಕೊಡು. ಬದಲಿಗೆ ನನ್ನ ಮೂವರನ್ನು ತಗೋ. ಸೂರ್ಯ ಮುಳುಗೋದರೊಳಗೆ ಮುಗೀಬೇಕು."

ಆಸ್ಥಾನ ಜೇನುಗೂಡಿಗೆ ಕಲ್ಲು ಬಿದ್ದ ಹಾಗಾಯಿತು. ಮಂತ್ರಿ ಕರಿಬಸಯ್ಯ ಮೊದಲು ಎದ್ದ. "ಕೊಟ್ಟುಬಿಡಿ ಪ್ರಭು. ಭರಮನ ಮೊಣಕಾಲು ಊದಿದೆ, ನಾನೇ ಕಂಡಿದ್ದೀನಿ. ಈ ವರ್ಷ ಅವನ ಬದಲಿಗೆ ಮೂವರು ಸಿಗ್ತಾರೆ. ಬರೋ ವರ್ಷ ಮೂರು ಕುಂಬಳಕಾಯಿನೂ ಸಿಗಲ್ಲ."

ರಾಣಿ ಹೇಳಿದಳು: "ಒಬ್ಬನಿಗೆ ಮೂವರನ್ನ ಕೊಡೋನು ದಡ್ಡನಾಗಿರಬೇಕು, ಇಲ್ಲ ಕಳ್ಳನಾಗಿರಬೇಕು. ಇವನ ಮುಖದಲ್ಲಿ ದಡ್ಡತನ ಕಾಣಿಸ್ತಿಲ್ಲ ನನಗೆ."

ಸುದ್ದಿ ಊರಿಗೆ ಹಬ್ಬಿತು. ಕೊಡಬೇಕು ಅಂತ ಗಂಡ, ಕೊಡಬಾರದು ಅಂತ ಹೆಂಡತಿ. ಮನೆಮನೆಯಲ್ಲೂ ಒಲೆ ಮೇಲಿನ ಅಡುಗೆ ಸೀದುಹೋಯಿತು.

ಆದರೆ ಕೊಡೋದು ದೊರೆಯೊಬ್ಬನ ಕೈಲಿರಲಿಲ್ಲ. ಅಲ್ಲಿ ಒಂದು ಪದ್ಧತಿ. ಆಡುವ ಐವರೂ ಒಬ್ಬರ ಕೈಗೊಬ್ಬರು ದಾರ ಕಟ್ಟಿರುತ್ತಾರೆ. ಹಾಗಾಗಿ ಪ್ರತಿಯೊಬ್ಬರ ಮಣಿಕಟ್ಟಿನಲ್ಲೂ ನಾಲ್ಕು ಗಂಟು. ಕಟ್ಟಿದವರೇ ಬಿಚ್ಚಬೇಕು. ಬೇರೆಯವರು ಎಳೆದರೆ ದಾರ ಕಬ್ಬಿಣವಾಗುತ್ತಿತ್ತು.

"ಮೊದಲು ನಿನ್ನವರ ಆಟ ತೋರಿಸು," ಎಂದ ದೊರೆ.

ಮೊದಲನೆಯವನು ಬಂದ. ಅವನಿಗೆ ಕೊಕ್ಕರೆಯ ಕಾಲು, ತಾಳೆಮರದ ಎತ್ತರ. ನೆಗೆಯಲೇ ಇಲ್ಲ, ಸಾರಿಗೆ ಕರಿಬೇವು ಹಾಕಿದ ಹಾಗೆ ಬುಟ್ಟಿಗೆ ಚೆಂಡು ಹಾಕಿದ. ಐವರಲ್ಲಿ ಒಬ್ಬನಾದ ಕುಂಬಾರ ಬೆರಗಾಗಿ ಭರಮಣ್ಣನ ಕೈಯ ಒಂದು ಗಂಟು ಬಿಚ್ಚಿದ.

ಎರಡನೆಯವನಿಗೆ ಜಿಂಕೆಯ ಕಾಲು. ಪುಟಿದ ಚೆಂಡು ಮತ್ತೆ ನೆಲ ಮುಟ್ಟುವುದರೊಳಗೆ ಬಯಲು ಸುತ್ತಿ ಬಂದ. ಐವರಲ್ಲಿ ಒಬ್ಬನಾದ ಅಂಬಿಗ ಎರಡನೇ ಗಂಟು ಬಿಚ್ಚಿದ.

ಮೂರನೆಯವನಿಗೆ ಗೂಬೆಯ ಕಣ್ಣು. ಬುಟ್ಟಿಗೆ ಬೆನ್ನು ಹಾಕಿ, ಕತ್ತು ಮಾತ್ರ ಹಿಂದಕ್ಕೆ ತಿರುಗಿಸಿ ಎಸೆದ. ನೂರು ಎಸೆದರೆ ನೂರೂ ಬಿದ್ದವು. ಐವರಲ್ಲಿದ್ದ ಡೊಳ್ಳಿನವನು ಕಣ್ಣೊರೆಸಿಕೊಂಡು, "ತಪ್ಪು ತಿಳೀಬೇಡ ಭರಮಾ, ಊರಿನ ನೀರಿನ ಮಾತಿದು," ಅಂತ ಮೂರನೇ ಗಂಟೂ ಬಿಚ್ಚಿದ.

ಉಳಿದಿದ್ದು ಒಂದೇ ಗಂಟು, ಐವರಲ್ಲಿ ಒಬ್ಬಳಾದ ನೀಲವ್ವನದು. ಭರಮಣ್ಣನ ಕೈಗೆ ಮೊಟ್ಟಮೊದಲು ಚೆಂಡು ಕೊಟ್ಟವಳೇ ಅವಳು. ಸೂರ್ಯ ಗುಡ್ಡದ ಹತ್ತಿರ ಬಂದಿದ್ದ.

"ಬಿಚ್ಚಿಬಿಡಕ್ಕಾ," ಎಂದ ಭರಮಣ್ಣ. "ಮಂತ್ರಿಗಳು ಹೇಳಿದ್ದು ಸುಳ್ಳಲ್ಲ. ಮೆಟ್ಟಿಲು ಹತ್ತುವಾಗ ಮೊಣಕಾಲು ಕಟಕಟ ಅನ್ನುತ್ತೆ."

"ಮೊಣಕಾಲಿಗೆ ಎಣ್ಣೆ ಇದೆ. ನೀನು ಬಾಯಿ ಮುಚ್ಕೊಂಡಿರು," ಅಂದು ಅವಳು ಆ ಮೂವರ ಹತ್ತಿರ ಹೋದಳು. "ನಿನ್ನ ಹೆಸರೇನಪ್ಪಾ? ಯಾವೂರು?"

ಎತ್ತರದವನು ಬಾಯಿ ತೆರೆದ. ಬಂದದ್ದು ಕೊಕ್ಕರೆಯ ಕೂಗು. ಎರಡನೆಯವನು ಜಿಂಕೆಯ ಹಾಗೆ ಒರಲಿದ, ಮೂರನೆಯವನು ಗೂಬೆಯ ಹಾಗೆ ಗೂಗೂ ಅಂದ. ಮೂವರ ಕಣ್ಣಲ್ಲೂ ನೀರು. ಮೂವರ ಮಣಿಕಟ್ಟಿನಲ್ಲೂ ಕೂದಲಿನ ಗಂಟು, ಹೊಗೆಯಾಡುತ್ತಿತ್ತು.

ನೀಲವ್ವನಿಗೆ ಈಗ ತಿಳಿಯಿತು. ಇವರೂ ಯಾವುದೋ ಊರಿನ ಭರಮಣ್ಣಂದಿರೇ. ಇವರ ಊರಿನವರೂ ಹೀಗೇ ಕೊಟ್ಟುಬಿಟ್ಟಿದ್ದಾರೆ. ನಾಳೆ ನಮ್ಮ ಭರಮ ಯಾವ ಪ್ರಾಣಿಯಾಗುತ್ತಾನೋ!

ಅವಳು ಮಾಯಗಾರನ ಎದುರು ನಿಂತಳು. "ಸ್ವಾಮಿ, ನನ್ನ ಗಂಟು ಬಿಚ್ಚುತ್ತೇನೆ, ಮಾತು ಕೊಟ್ಟೆ. ಆದರೆ ಒಳಗೆ ಬರೋರ ಕೈಯಲ್ಲಿ ಬೇರೆಯವರ ಗಂಟು ಇರೋವಾಗ ಹೊರಗೆ ಹೋಗೋರನ್ನ ಬಿಡೋ ಪದ್ಧತಿ ನಮ್ಮಲ್ಲಿಲ್ಲ. ನಿನ್ನ ಗಂಟಿನ ಮೇಲೆ ನಮ್ಮ ಗಂಟು ಕೂರಲ್ಲ. ಮೊದಲು ನೀನು ಬಿಚ್ಚು."

"ಇದೆಂಥ ಹಟ?"

"ಬೇಡವಾದರೆ ಬಿಡು."

ಹೊಗೆಜಡೆ ಹಲ್ಲು ಕಡಿದು ಮೊದಲ ಗಂಟು ಬಿಚ್ಚಿದ. ಅವನ ಜಡೆಯ ಒಂದೆಳೆ ಬೂದಿಯಾಗಿ ಉದುರಿತು. ತಾಳೆಮರದಷ್ಟಿದ್ದವನು ಮನುಷ್ಯನಷ್ಟಾಗಿ "ಅವ್ವಾ" ಅಂದ. ಎರಡನೇ ಗಂಟು ಬಿಚ್ಚಿದ, ಇನ್ನೊಂದೆಳೆ ಉದುರಿತು. ಜಿಂಕೆಗಾಲಿನವನು ತನ್ನ ಪಾದ ಸವರಿಕೊಂಡು ಅತ್ತ.

ಮೂರನೇ ಗಂಟಿಗೆ ಮಾಯಗಾರನ ಕೈ ನಿಂತಿತು. ಸೂರ್ಯನ ಅಂಚು ಗುಡ್ಡಕ್ಕೆ ತಾಗಿತು.

"ಬೇಗ ಹೇಳಪ್ಪಾ, ನಮಗೂ ಮನೆ ಮಠ ಇದೆ," ಎಂದಳು ರಾಣಿ.

ಹೊಗೆಜಡೆ ಭರಮಣ್ಣನನ್ನು ನೋಡಿದ. ಏಳು ವರ್ಷದ ಸೋಲು ಎದೆಯಲ್ಲಿ ಉರಿಯಿತು. 'ಇವನೊಬ್ಬ ಕೈಗೆ ಬಂದರೆ ಸಾಕು. ಆಮೇಲೆ ಜಡೆ ಯಾಕೆ, ಮಂತ್ರ ಯಾಕೆ, ಮಿಕ್ಕವರು ಯಾಕೆ?' ಅಂದುಕೊಂಡ. ಮೂರನೇ ಗಂಟೂ ಬಿಚ್ಚಿದ.

ನೀಲವ್ವ ಮಾತಿಗೆ ತಪ್ಪಲಿಲ್ಲ. ಕೊನೆಯ ಗಂಟು ಬಿಚ್ಚಿದಳು. ಭರಮಣ್ಣ ಬರಿಗೈ ಚಾಚಿದ. "ಕಟ್ಟಪ್ಪಾ."

ಮಾಯಗಾರ ಎಳೆ ಕೀಳಲು ಹಿಂದಕ್ಕೆ ಕೈ ಹಾಕಿದ. ಏನೂ ಇಲ್ಲ. ತಲೆ ಹೊಸ ಗಡಿಗೆಯ ಹಾಗೆ ಹೊಳೆಯುತ್ತಿತ್ತು. "ದಾರ! ಯಾರಾದರೂ ಒಂದು ದಾರ ಕೊಡಿ!" ಎಂದು ಬಯಲೆಲ್ಲ ಕೂಗಿಕೊಂಡು ಓಡಿದ.

ಸಾವಿರ ಜನ ನಿಂತಿದ್ದರು. ಸಾವಿರ ಜನರ ಸೊಂಟದಲ್ಲೂ ಉಡಿದಾರವಿತ್ತು. ಕೊಡಬೇಕು ಅಂದವರೂ ಕೊಡಬಾರದು ಅಂದವರೂ ಒಬ್ಬರೂ ಕೈ ಎತ್ತಲಿಲ್ಲ.

ಸೂರ್ಯ ಮುಳುಗಿದ, ಗಡುವೂ ಮುಗಿಯಿತು. ಮಾಯಗಾರನ ಗಂಟು ಬೀಳದೆ ಭರಮಣ್ಣ ಇಲ್ಲೇ ಉಳಿದ.

ಭರಮಣ್ಣ ನೀಲವ್ವನ ಪಕ್ಕ ಬಂದು ಕೂತು ಕೈ ನೀಡಿದ. "ಈ ಸಲ ಸ್ವಲ್ಪ ಸಡಿಲ ಕಟ್ಟಕ್ಕಾ."

ಇದೆಲ್ಲ ಹೀಗಾಗುತ್ತೆ ಅಂತ ಅವಳಿಗೆ ಮೊದಲೇ ಗೊತ್ತಿತ್ತಾ? ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆಮೇಲೆ ಕೇಳಿ. ಕೊಕ್ಕರೆಗಾಲಿನವನು, ಜಿಂಕೆಗಾಲಿನವನು ಅವರವರ ಊರಿಗೆ ಹೋಗಿ ತಾಯಂದಿರ ಕೈತುತ್ತು ಉಂಡರು. ಗೂಬೆಗಣ್ಣಿನವನು ಇಲ್ಲೇ ಉಳಿದ. ಭರಮಣ್ಣ ಇನ್ನೆರಡು ವರ್ಷ ಆಡಿ, ತನ್ನ ಜಾಗ ಅವನಿಗೆ ತಾನೇ ಬಿಟ್ಟುಕೊಟ್ಟು, ಮದುವೆಯಾಗಿ ಸುಖವಾಗಿದ್ದ. ಕುಂಬಾರ, ಅಂಬಿಗ, ಡೊಳ್ಳಿನವನು ಆ ಸಂಜೆಯೇ ತಲೆತಗ್ಗಿಸಿ ಬಂದು ಮತ್ತೆ ಗಂಟು ಹಾಕಿದರು. ಮಂತ್ರಿ ಆರು ತಿಂಗಳು ರಾಣಿಯ ಮುಂದೆ ಬಾಯಿ ಬಿಡಲಿಲ್ಲ. ಹೊಗೆಜಡೆಗೆ ಕೂದಲು ಮತ್ತೆ ಬರಲೇ ಇಲ್ಲ. ಸಂತೆಯಲ್ಲಿ ಹಗ್ಗ ಹೊಸೆದು, ಮೈಮುರಿದು ದುಡಿದು ಒಳ್ಳೆಯವನಾದ. ನೀಲವ್ವನೋ, ಹಲ್ಲೆಲ್ಲ ಬಿದ್ದ ಮೇಲೂ ಆ ಕಂಬದ ಬುಡದಲ್ಲಿ ಕೂತು, ಚೆಂಡು ತಪ್ಪಿದವರನ್ನೆಲ್ಲ ಬೈಯುತ್ತಾ ನೂರು ವರ್ಷ ಬದುಕಿದಳು.