ಊರ ಹೆಸರಿಲ್ಲದ ಯಾದಿ

“ನಿನ್ನ ಕಂಪ್ಯೂಟರಿಗೆ ಬೆಂಕಿ ಹಚ್ಚ! ನಮ್ಮವ್ವಗ ಸಕ್ಕರಿ ಜಡ್ಡ ಇಲ್ಲಲೇ!”

“ಅಂಗಿ ಬಿಡೋ! ರಿಪೋರ್ಟಿನ್ಯಾಗ ನಿಮ್ಮವ್ವನ ಹೆಸರ ಐತೋ ಇಲ್ಲೋ?”

ಬುಧವಾರ, ಫೆಬ್ರುವರಿ 12, 2025, ಬೆಳಗಿನ 10.15. ಮುದ್ದೇಬಿಹಾಳ ಠಾಣೆಯಲ್ಲಿ ಕುರಿಗಾರ ಸೋಮನಿಂಗ ರಕ್ತ ತಪಾಸಣೆಯ ಲ್ಯಾಬಿನ ಮಾಲೀಕ ಅನಿಲಕುಮಾರನ ಕೊರಳಪಟ್ಟಿ ಹಿಡಿದಿದ್ದ. ಇನ್ಸ್‌ಪೆಕ್ಟರ್ ಸುಭಾಸ ಮೇಜು ಗುದ್ದಿದರು.

“ಇದು ಠಾಣೆ, ಕುರಿಸಂತಿ ಅಲ್ಲ. ಕುಂದರ್ರಿ ಇಬ್ಬರೂ.”

ಸೋಮನಿಂಗನ ತಾಯಿ ತಿಪ್ಪವ್ವ ಮೊಣಕಾಲು ನೋವೆಂದು ಸೋಮವಾರ ರಕ್ತ ಕೊಟ್ಟಿದ್ದಳು. ಸಂಜೆ ಮೊಬೈಲಿಗೆ ಬಂದ ರಿಪೋರ್ಟಿನಲ್ಲಿ ಸಕ್ಕರೆ 412 ಎಂದಿತ್ತು. ಡಾಕ್ಟರು ಗುಳಿಗೆ ಬರೆದರು. ಇಲ್ಲದ ಕಾಯಿಲೆಗೆ ಗುಳಿಗೆ ನುಂಗಿದ ಮುದುಕಿ ಮಂಗಳವಾರ ಸಂಜೆ ಮೂರ್ಛೆ ಬಿದ್ದಳು. ಆಸ್ಪತ್ರೆಯಲ್ಲಿ ಇನ್ನೂ ಎಚ್ಚರವಾಗಿರಲಿಲ್ಲ.

10.50ಕ್ಕೆ ಎಫ್‌ಐಆರ್ ದಾಖಲಾಯಿತು. 11.30ಕ್ಕೆ ಲ್ಯಾಬಿನಲ್ಲಿ ಇಬ್ಬರು ಪಂಚರ ಎದುರು ಪಂಚನಾಮೆ ಶುರುವಾಯಿತು. ಕಾನ್ಸ್‌ಟೇಬಲ್ ಯಲ್ಲವ್ವ ತಪಾಸಣೆಯ ರಜಿಸ್ಟರ್ ತಿರುವಿದಳು.

“ಸಾಹೇಬ್ರ, 412 ಬಂದಿದ್ದು ಈ ಊರಿನ ರಕ್ತಕ್ಕಲ್ರಿ. ಇಂಡಿ ಶಾಖಾದಿಂದ ಬಂದದ್ದಕ್ಕ. ಅದರ ನಂಬರೂ 217, ತಿಪ್ಪವ್ವಂದೂ 217.”

ಸಾಫ್ಟ್‌ವೇರ್ ಬರೆದಿದ್ದ ಪಲ್ಲವಿಯನ್ನು ಸುಭಾಸ ಕರೆದರು.

“ಇದು ಹೆಂಗಾತು?”

“‘ರೋಗಿ’ ಅನ್ನೋ ಮಾಡೆಲ್ ಎರಡು ಅದಾವ್ರಿ. ಅಂದ್ರ ಎರಡು ಯಾದಿ. ಒಂದು ‘ಇಂಡಿ’ ಅನ್ನೋ ನೇಮ್‌ಸ್ಪೇಸಿನ ಒಳಗ ಐತಿ, ಅಂದ್ರ ಆ ಊರ ಹೆಸರಿನ ಗೂಡಿನ್ಯಾಗ. ಮುದ್ದೇಬಿಹಾಳದ್ದು ಹಳೇದು, ಹೊರಗ ಐತಿ. ಅದನ್ನ ಮಾಡಿದಾಗ ಬ್ಯಾರೆ ಶಾಖಾನ ಇರಲಿಲ್ಲ. ಇಂಡಿಯ ರಿಪೋರ್ಟಿಗೆ ‘ನಿನ್ನ ರೋಗಿ ಇಂಡಿಯ ರೋಗಿ’ ಅಂತ ಪೂರ್ತಿ ಹೆಸರು ಬರದು ಸಂಬಂಧ ಜೋಡಸಬೇಕು. ಬರೇ ‘ರೋಗಿ’ ಅಂದ್ರ ಅದು ಹೊರಗಿನ ಯಾದ್ಯಾಗಿನ ಅದ ನಂಬರಿನವರನ್ನ…”

ಪಲ್ಲವಿ ಮಾತು ಅಲ್ಲಿಗೇ ಬಿಟ್ಟು ಕಂಪ್ಯೂಟರಿನ ಪರದೆ ದಿಟ್ಟಿಸಿದಳು.

“ನಮ್ಮೂರಾಗ ಶೆಟ್ಟೆವ್ವಾ ಅಂದ್ರ ನಾಕ ಮಂದಿ ಓ ಅಂತಾರ,” ಎಂದಳು ಯಲ್ಲವ್ವ. “ಮನೆತನದ ಹೆಸರು ಹಚ್ಚೇ ಕರೀಬೇಕ.”

“ಹಂಗಾದ್ರ ಆ ಸಕ್ಕರಿ ಯಾರದು?” ಸುಭಾಸರ ದನಿ ಏರಿತು. “ಇಂಡಿಯ 217 ಯಾರು?”

ಅಗರಖೇಡದ ಜನ್ನತಬಿ. ಆಕೆಗೆ ರಿಪೋರ್ಟೇ ಹೋಗಿರಲಿಲ್ಲ. ಎರಡು ದಿನದಿಂದ ಔಷಧಿಯಿಲ್ಲ. ಸುಭಾಸ ಇಂಡಿ ಠಾಣೆಗೆ ಫೋನ್ ಹಚ್ಚಿದರು: “ಈಗಿಂದೀಗ ಆಕೀನ ದವಾಖಾನಿಗಿ ಒಯ್ರಿ.”

ಕಂಪ್ಯೂಟರಿನ ದಾಖಲೆಯ ಪ್ರಕಾರ ಆ ಪೂರ್ತಿ ಹೆಸರಿನ ಸಾಲು ಸೋಮವಾರ ಬೆಳಗಿನ 11.20ಕ್ಕೆ ಅಳಿಸಿಹೋಗಿತ್ತು. ಅಳಿಸಿದವರ ಹೆಸರು: ಅನಿಲಕುಮಾರ.

“ನಾ ಆ ಹೊತ್ತಿಗೆ ಸಿಂದಗಿಯೊಳಗ ಹೊಸ ಶಾಖಾದ ರಿಬ್ಬನ್ ಕತ್ತರಸಾಕತ್ತಿದ್ನಿರಿ! ಫೋಟೋ ನೋಡ್ರಿ!”

ಫೋಟೋದಲ್ಲಿ ಲ್ಯಾಬಿನ ಕಸಗುಡಿಸುವವಳೂ ಇದ್ದಳು. ಪಲ್ಲವಿ ಇರಲಿಲ್ಲ.

“ನಿನ್ನ ಪಾಸ್‌ವರ್ಡ್ ಮತ್ಯಾರಿಗೆ ಗೊತ್ತು?”

ಅನಿಲಕುಮಾರ ಮೆಲ್ಲಗೆ ಪಲ್ಲವಿಯ ಕಡೆ ತಿರುಗಿದ.

“ನೀ ಯಾಕ ಸಿಂದಗಿಗಿ ಹೋಗಲಿಲ್ಲವಾ?” ಸುಭಾಸ ಕೇಳಿದರು.

“ಕರೀಲಿಲ್ರಿ. ನಾಕ ವರ್ಷ ಕುಂತು ಕಟ್ಟೇನಿ. ‘ಇನ್ನ ಅದು ತಾನ ನಡೀತೈತಿ, ಮುಂದಿನ ತಿಂಗಳಿಂದ ಬರಬ್ಯಾಡ’ ಅಂದ್ರು.” ಆಕೆ ತಲೆ ಎತ್ತಲಿಲ್ಲ. “ಆ ಸಾಲು ತಗದ್ರ ಎಲ್ಲಾ ನಿಂದರತೈತಿ, ನನ್ನ ಕರೀತಾರ ಅನ್ಕೊಂಡಿದ್ನಿ. ಹೊರಗ ಹಳೇ ಯಾದಿ ಐತಿ ಅನ್ನೋದ ಮರತಿದ್ನಿ. ನಿಂದರಲಿಲ್ರಿ ಅದು. ತಪ್ಪಾಗೇ ನಡದೈತಿ.”

“ಯಾವಾಗ ತಿಳೀತು?”

“ಈಗ. ನಿಮಗ ಹೇಳಾಕತ್ತಾಗ.”

ಆ ದಾಖಲೆಯ ಪ್ರತಿ ತೆಗೆದು ಪಂಚರ ಸಹಿ ಮಾಡಿಸಿದ ಮೇಲೆ, ಅವರ ಎದುರಿಗೇ ಪಲ್ಲವಿ ಆ ಸಾಲನ್ನು ಮತ್ತೆ ಬರೆದಳು. ತಪ್ಪಿ ಹೋಗಿದ್ದ ರಿಪೋರ್ಟುಗಳು ಒಟ್ಟು ಮೂವತ್ತೊಂದು. ಒಂದೊಂದು ಮನೆಗೂ ಯಲ್ಲವ್ವ ಫೋನ್ ಮಾಡಿದಳು.

3.40ಕ್ಕೆ ಇಂಡಿಯಿಂದ ಸುದ್ದಿ ಬಂತು. ಜನ್ನತಬಿ ಹಾಸಿಗೆ ಹಿಡಿದಿದ್ದಳು. ಸಲೈನ್ ಹಚ್ಚಿದ್ದಾರೆ, ಉಳಿಯುತ್ತಾಳೆ. ತಿಪ್ಪವ್ವನೂ ಕಣ್ಣು ಬಿಟ್ಟು ನೀರು ಕೇಳಿದ್ದಳು.

4.05ಕ್ಕೆ ಪಲ್ಲವಿಯ ಬಂಧನ. ಆಕೆ ಬಾಗಿಲ ಬಳಿ ಚಪ್ಪಲಿ ಮೆಟ್ಟುವಾಗ ಅನಿಲಕುಮಾರ ಹಿಂದಿನಿಂದ ಕೂಗಿದ:

“ಏ ಪಲ್ಲವಿ, ಸಿಂದಗಿ ಯಾದಿ ಹೆಂಗ ಜೋಡಸೋದು? ಅಷ್ಟ ಹೇಳಿ ಹೋಗವಾ!”

ಪಲ್ಲವಿ ಯಲ್ಲವ್ವನ ಜೊತೆ ಮೆಟ್ಟಿಲಿಳಿದು ಹೋದಳು. ಆ ಲ್ಯಾಬಿಗೆ ತಿರುಗಿ ಬರಲಿಲ್ಲ.