ತಿರುಗಿ ಬಂದ ಮಾಲಿನ ಬಾವಿ

ಬೆಟ್ಟಗಳು ಇನ್ನೂ ಮಾತಾಡುತ್ತಿದ್ದ ಕಾಲದಲ್ಲಿ ಸೂರಂಗಿ ಎಂಬ ಒಂದು ರಾಜ್ಯವಿತ್ತು. ಎಲ್ಲಿತ್ತು ಎಂದು ಕೇಳಬೇಡಿ, ಇತ್ತು ಅಂದರೆ ಇತ್ತು. ಅಲ್ಲಿನ ಪೇಟೆ ಬಲು ದೊಡ್ಡದು. ಕುಂಬಾರರು, ನೇಕಾರರು, ಕಮ್ಮಾರರು, ಹಗ್ಗ ಹೊಸೆಯುವವರು ಸಾಲಾಗಿ ಅಂಗಡಿ ಇಟ್ಟಿದ್ದರು. ಕೈಕೆಲಸದಲ್ಲಿ ಎಲ್ಲರದೂ ಎತ್ತಿದ ಕೈ. ಆದರೆ ಆ ಜಾಣರಲ್ಲಿ ಒಂದು ದಡ್ಡ ರೂಢಿ ಇತ್ತು.

ಕೊಂಡವರು ಮಾಲನ್ನು ವಾಪಸು ತಂದರೆ ಅದನ್ನು ಯಾರೂ ನೋಡಬಾರದು. ನೋಡಿದರೆ ದರಿದ್ರ ಅಂಟುತ್ತದಂತೆ! ಏನಾಯಿತು ಎಂದು ಗಿರಾಕಿ ಬಾಯಿ ಬಿಟ್ಟರೆ ಇನ್ನೂ ಅಪಶಕುನವಂತೆ! ಅಂಗಡಿಯವರು ಮುಖ ತಿರುಗಿಸಿ ಬುಟ್ಟಿ ಒಡ್ಡುವರು. ಗಿರಾಕಿ ಅದರೊಳಗೆ ಹಾಕಿ ಸುಮ್ಮನಿರಬೇಕು. ಆಮೇಲೆ ಬುಟ್ಟಿಗೆ ಕರಿಬಟ್ಟೆ ಮುಚ್ಚಿ, ಪೇಟೆಯ ಹಿಂದಿನ ಹಾಳುಬಾವಿಗೆ ಸುರಿದು, ಥೂ ಥೂ ಎಂದು ಉಗಿದು, ಹಿಂತಿರುಗಿ ನೋಡದೆ ಬರುವರು. ಗಿರಾಕಿಗೆ ಬದಲು ಮಾಲು ಕೊಡುತ್ತಿದ್ದರು, ಅದರಲ್ಲಿ ಮೋಸವಿಲ್ಲ. ಆದರೆ ಒಡೆದದ್ದು ಏಕೆ ಒಡೆಯಿತೆಂದು ನೋಡದವರು ಕೊಡುವ ಬದಲು ಮಾಲು ಹೇಗಿರುತ್ತದೆ, ನೀವೇ ಹೇಳಿ. ಅದೂ ಒಡೆಯುತ್ತಿತ್ತು.

ತಲೆಮಾರುಗಟ್ಟಲೆ ಸುರಿದರೂ ಆ ಬಾವಿ ತುಂಬಲಿಲ್ಲ. ಏಕೆ ತುಂಬಲಿಲ್ಲ ಎಂದಾದರೂ ಕೇಳಬೇಡವೇ? ಯಾರೂ ಕೇಳಲಿಲ್ಲ. ಅದರ ತಳದಲ್ಲಿ ಬೂದಿಗಣ್ಣ ಎಂಬ ಮಾಂತ್ರಿಕ ಬಂದು ಕೂತಿದ್ದ. ಯಾರೂ ಕಿವಿಗೊಡದ ದೂರುಗಳೇ ಅವನ ಊಟ. ತಿಂದು ತಿಂದು ಆನೆಯಷ್ಟಾದ. ಬಿದ್ದ ಮಾಲಿನಿಂದ ಮೃಗಗಳನ್ನು ಮಾಡಿಕೊಂಡ. ಅಷ್ಟಕ್ಕೂ ಹೊಟ್ಟೆ ತುಂಬದೆ, ದೂರು ನುಂಗಿಕೊಂಡು ಮನೆಗೆ ಹೋದವರನ್ನೇ ಕರೆಯತೊಡಗಿದ.

ಮೊದಲು ಅವರ ದನಿ ಹೋಗುತ್ತಿತ್ತು. ಬಾಯಿ ತೆರೆದರೆ ಗಾಳಿ ಮಾತ್ರ. ಆಮೇಲೆ ಒಂದು ದಿನ, ಹಾಡಹಗಲೇ, ಉಣ್ಣುತ್ತಿದ್ದ ತಟ್ಟೆ ಬಿಟ್ಟು ಎದ್ದು ಬಾವಿಯ ಕಡೆ ನಡೆಯುವರು. ಹಿಡಿದರೆ ನಿಲ್ಲರು, ಕೂಗಿದರೆ ಕೇಳರು. ಕಟ್ಟೆ ಹತ್ತಿ ಒಳಗೆ ಕಾಲಿಡುವರು. ಬಿದ್ದ ಸದ್ದು ಕೇಳಿಸುತ್ತಿರಲಿಲ್ಲ. ಆ ಸದ್ದಿಲ್ಲದಿರುವುದಕ್ಕೇ ಊರವರ ಎದೆ ನಡುಗುತ್ತಿತ್ತು.

ಆ ಪೇಟೆಯಲ್ಲಿ ಮಾಳವ್ವ ಎಂಬ ಹುಡುಗಿ ಪುಂಡಿ ನಾರಿನ ಹಗ್ಗ ಹೊಸೆದು ಮಾರುತ್ತಿದ್ದಳು. ಅವಳಿಗೆ ತಾಯಿ ತಂದೆ ಎಲ್ಲ ಅಕ್ಕ ದ್ಯಾಮವ್ವನೇ. ದ್ಯಾಮವ್ವ ಸಿಹಿನೀರಿನ ಬಾವಿಯಿಂದ ನೀರು ಸೇದಿ ಮನೆಮನೆಗೆ ಹಾಕುವವಳು. ತಂಗಿಯ ಹಗ್ಗ ಬಿಟ್ಟು ಬೇರೆಯವರ ಹಗ್ಗ ಮುಟ್ಟಿದವಳಲ್ಲ. ಒಂದು ದಿನ ಅವಳು ತುಂಡಾದ ಹಗ್ಗವನ್ನು ಕೈಯಲ್ಲಿ ಹಿಡಿದು ಅಂಗಡಿಗೆ ಬಂದಳು. ಮುಖ ಬೆಳ್ಳಗೆ ಬಿಳಿಚಿತ್ತು.

"ಮಾಳೀ, ನಿನ್ನ ಹಗ್ಗ..." ಎಂದಳು.

ಮಾಳವ್ವ ಗಾಬರಿಯಾಗಿ ಅಕ್ಕನ ಬಾಯಿ ಮುಚ್ಚಿದಳು. "ಅಯ್ಯೋ, ಹೇಳಬೇಡ ಅಕ್ಕಾ! ಬುಟ್ಟಿಗೆ ಹಾಕು. ಬೇರೆ ಕೊಡುತ್ತೇನೆ."

ಮುಖ ತಿರುಗಿಸಿ ಬುಟ್ಟಿ ಒಡ್ಡಿದಳು. ಹಗ್ಗ ಹಾಳುಬಾವಿಗೆ ಹೋಯಿತು. ಮರುದಿನ ಅಕ್ಕನ ದನಿ ಹೋಯಿತು. ಅದಾದ ಮೇಲೆ ಒಂದು ಮಧ್ಯಾಹ್ನ, ತಂಗಿಗೆ ರೊಟ್ಟಿ ಬಡಿಯುತ್ತಿದ್ದ ದ್ಯಾಮವ್ವ ಹಿಟ್ಟಿನ ಕೈಯಲ್ಲೇ ಎದ್ದು ನಡೆದಳು. ಮಾಳವ್ವ ಸೆರಗು ಹಿಡಿದಳು, ಸೆರಗು ಹರಿಯಿತು. ಕಾಲು ತಬ್ಬಿದಳು, ಅಕ್ಕ ಅವಳನ್ನು ಎಳೆದುಕೊಂಡೇ ಹೋದಳು. ಬಾವಿಯ ಕಟ್ಟೆ ಹತ್ತಿ ತಂಗಿಯನ್ನು ಒಂದು ಸಲ ನೋಡಿದಳು, ಅಷ್ಟೇ. ಮಾಳವ್ವನ ಕೈಯಲ್ಲಿ ಉಳಿದದ್ದು ಹರಿದ ಸೆರಗು.

ಬಾವಿಗಿಳಿಯುವ ಧೀರರು ಯಾರಿದ್ದೀರಿ ಎಂದು ರಾಜ ಡಂಗುರ ಹೊಡೆಸಿದ. ದಂಡನಾಯಕ ಮೀಸೆ ತಿರುವಿ, ಕತ್ತಿ ಹಿಡಿದು, ಮಾಳವ್ವನ ಅಂಗಡಿಯ ಹೊಸ ಹಗ್ಗ ಕಟ್ಟಿಕೊಂಡು ಬಾವಿಗಿಳಿದ. ಕೆಳಗಿಂದ ಬೊಗಳುವ ಸದ್ದು ಬಂತು, ಮಡಕೆ ಒಡೆದ ಸದ್ದು ಬಂತು, ಆಮೇಲೆ "ಎಳೆಯಿರೋ, ಎಳೆಯಿರೋ!" ಎಂಬ ಕಿರುಚಾಟ. ಎಳೆದರು. ಹಗ್ಗದ ತುಂಡಷ್ಟೇ ಮೇಲೆ ಬಂತು. ಪೇಟೆಯ ಜನ ಏನು ಮಾಡಿದರು ಗೊತ್ತೇ? ಎಲ್ಲರೂ ಮುಖ ತಿರುಗಿಸಿ ಆ ತುಂಡನ್ನೂ ಬಾವಿಗೇ ಎಸೆದು, ಥೂ ಥೂ ಎಂದು ಉಗಿದು, ಮನೆಗೆ ಓಡಿ ಬಾಗಿಲು ಹಾಕಿಕೊಂಡರು. ಇವರಿಗೆ ಏನನ್ನೋಣ!

ಮಾಳವ್ವ ಒಬ್ಬಳೇ ಉಳಿದಳು. ಭಯಕ್ಕೆ ಅವಳ ಹಲ್ಲು ಕಟಕಟ ಎನ್ನುತ್ತಿತ್ತು. ಆದರೂ ಅಕ್ಕ ಕೆಳಗಿದ್ದಾಳಲ್ಲ! ತನ್ನ ಅಂಗಡಿಯ ಇನ್ನೊಂದು ಹಗ್ಗವನ್ನು ಕಂಬಕ್ಕೆ ಬಿಗಿದು ಇಳಿಯತೊಡಗಿದಳು. ಇದ್ದದ್ದು ಅದೇ ಹಗ್ಗ, ಬೇರೆ ಎಲ್ಲಿಂದ ತರುವುದು?

ಇಳಿದಂತೆ ಬೆಳಕು ಬೂದಿಬಣ್ಣಕ್ಕೆ ತಿರುಗಿತು. ಒಂದು ಗವಿಯ ಬಾಯಲ್ಲಿ ಕಾಲಿಟ್ಟಳೋ ಇಲ್ಲವೋ, ಎದುರಿಗೆ ಮಡಕೆಯ ಚೂರುಗಳಿಂದಾದ ನಾಯಿ ನಿಂತಿತ್ತು. ಅದರ ಬಾಯಿ ತುಂಬ ಓಡಿನ ಹಲ್ಲು.

"ಹೊಡೆಯುತ್ತೀಯಾ? ಓಡುತ್ತೀಯಾ?" ಎಂದು ಗುರುಗುಟ್ಟಿತು. "ನಿಮ್ಮ ದಂಡನಾಯಕ ಹೊಡೆದ. ಒಂದಾಗಿದ್ದೆ, ನೂರು ಚೂರಾದೆ."

ಮಾಳವ್ವ ರೂಢಿಯಂತೆ ಮುಖ ತಿರುಗಿಸಿದಳು. ನಾಯಿ ಒಂದು ಹೆಜ್ಜೆ ಹತ್ತಿರ ಬಂತು. ಕಣ್ಣು ಮುಚ್ಚಿದಳು. ಇನ್ನೊಂದು ಹೆಜ್ಜೆ ಬಂತು, ಬಿಸಿಯುಸಿರು ಮೊಣಕಾಲಿಗೆ ತಾಗಿತು. ಸಾಯುವುದಾದರೆ ನೋಡಿಯೇ ಸಾಯೋಣ ಎಂದು ಕಣ್ಣು ಬಿಟ್ಟಳು. ಚೂರುಚೂರಾಗಿ ನಿಂತ ಆ ನಾಯಿಯನ್ನು ನೋಡಿ ಅವಳಿಗೆ ಹೆದರಿಕೆಯ ನಡುವೆಯೂ ಅಯ್ಯೋ ಪಾಪ ಎನಿಸಿತು.

"ಹೊಡೆಯುವುದಿಲ್ಲ, ಓಡುವುದಿಲ್ಲ," ಎಂದಳು. "ನಿನಗೇನಾಯಿತು, ಹೇಳು."

ನಾಯಿಯ ಕಿವಿ ನೆಟ್ಟಗಾಯಿತು. "ನನ್ನ ಮಣ್ಣನ್ನು ಜರಡಿ ಹಿಡಿಯಲಿಲ್ಲ. ಒಳಗೆ ಕಲ್ಲುಹರಳು ಉಳಿಯಿತು. ಒಲೆ ಏರಿದ ದಿನವೇ ಸೀಳಿದೆ. ಒಬ್ಬ ಬಾಣಂತಿಯ ಗಂಜಿ ಬೆಂಕಿಗೆ ಸುರಿಯಿತು. ಅವಳು ಹಸಿದು ಮಲಗಿದಳು."

"ಹೌದಾ? ಕುಂಬಾರನಿಗೆ ಹೇಳುತ್ತೇನೆ," ಎಂದಳು ಮಾಳವ್ವ. ನಾಯಿ ಅವಳ ಕಾಲಬುಡದಲ್ಲಿ ಮಲಗಿ ಬರೀ ಮಡಕೆಚೂರಾಯಿತು.

ಇನ್ನೂ ಕೆಳಗಿಳಿದಳು. ಎರಡನೆಯ ಗವಿಯಲ್ಲಿ ಕಂಬಳಿಯ ಕರಡಿ ನಿಂತಿತ್ತು. ಮೈತುಂಬ ಮುಳ್ಳು, ಅಪ್ಪಿದರೆ ಮೈ ಜರಡಿಯಾಗುವಷ್ಟು.

"ಹೊಡೆಯುತ್ತೀಯಾ? ಓಡುತ್ತೀಯಾ?"

"ಹೊಡೆಯುವುದಿಲ್ಲ, ಓಡುವುದಿಲ್ಲ. ನಿನಗೇನಾಯಿತು, ಹೇಳು."

"ಉಣ್ಣೆಯಲ್ಲಿನ ಮುಳ್ಳು ಆರಿಸದೆ ನೇಯ್ದರು. ಹೊದ್ದ ಮಗು ರಾತ್ರಿಯೆಲ್ಲ ಅತ್ತಿತು. ತಾಯಿ ಮಗುವಿಗೇ ಹೊಡೆದಳು, ಸುಮ್ಮನೆ ಹಟ ಮಾಡುತ್ತದೆ ಎಂದು."

ಮಾಳವ್ವನ ಕಣ್ಣಲ್ಲಿ ನೀರು ಬಂತು. "ನೇಕಾರನಿಗೆ ಹೇಳುತ್ತೇನೆ," ಎಂದಳು. ಕರಡಿ ಕುಸಿದು ಬರೀ ಕಂಬಳಿಯಾಯಿತು.

ಬೇರೆಯವರ ತಪ್ಪು ಕೇಳುವುದು ಅಷ್ಟೇನೂ ಕಷ್ಟವಲ್ಲ ಬಿಡಿ. ಮೂರನೆಯದು ಕಾದಿತ್ತು.

ಬಾವಿಯ ತಳದಲ್ಲಿ ಸೊಂಟದ ಮಟ್ಟ ಬೂದಿ. ಆ ಬೂದಿ ಅಲುಗಾಡಿತು. ಅದರೊಳಗಿಂದ ಒಂದು ಹಾವು ಎದ್ದಿತು. ಅದರ ಮೈ ಪೂರ್ತಿ ಪುಂಡಿ ನಾರಿನ ಹಗ್ಗ. ಅದು ಮಾಳವ್ವ ತಾನೇ ಹೊಸೆದ ಹುರಿ, ತನ್ನ ಕೈಯ ಗುರುತು ಅವಳಿಗೆ ತಿಳಿಯದೇ? ಹಾವು ಬಾಯಿ ತೆರೆಯಿತು. ಬಂದದ್ದು ಅಕ್ಕನ ದನಿ.

"ಹೊಡೆಯುತ್ತೀಯಾ ಮಾಳೀ? ಓಡುತ್ತೀಯಾ?"

ಈ ಸಲ ಅವಳ ಬಾಯಿಂದ ಆ ಮಾತು ಹೊರಡಲಿಲ್ಲ. "ನನ್ನ ಹಗ್ಗಕ್ಕೇನಾಗಿದೆ?" ಎಂದುಬಿಟ್ಟಳು. "ಇಡೀ ಪೇಟೆಯಲ್ಲಿ ಇಷ್ಟು ನುಣುಪು ಯಾರಿಗೆ ಬರುತ್ತದೆ?"

ಹಾವು ಅವಳ ಕಾಲಿಗೆ ಸುತ್ತಿತು.

"ಬಾವಿಯ ಕಲ್ಲು ಒರಟು, ಅದಕ್ಕೆ ತುಂಡಾಯಿತು!"

ಸೊಂಟಕ್ಕೆ ಸುತ್ತಿತು.

"ನೀನೇ ಜೋರಾಗಿ ಜಗ್ಗಿರಬೇಕು ಅಕ್ಕಾ!"

ಎದೆಗೆ ಸುತ್ತಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗಾಯಿತು ಇವಳ ಕತೆ. ಒಂದೊಂದು ನೆಪಕ್ಕೂ ಒಂದೊಂದು ಸುತ್ತು. ಉಸಿರು ನಿಲ್ಲುತ್ತ ಬಂತು, ಕಣ್ಣು ಕತ್ತಲಿಟ್ಟಿತು. ಆ ಕತ್ತಲಲ್ಲಿ ಅವಳಿಗೆ ನೆನಪಾದದ್ದು ತನ್ನ ಅಂಗೈಯ ಕೆಳಗೆ ಮುಚ್ಚಿಹೋದ ಅಕ್ಕನ ಬಾಯಿ. ಉಳಿದಷ್ಟು ಉಸಿರಿನಲ್ಲಿ ಹೇಳಿದಳು:

"ಅಕ್ಕಾ, ನಿನಗೇನಾಯಿತು? ಹೇಳು. ಬಾಯಿ ಮುಚ್ಚುವುದಿಲ್ಲ."

ಬಿಗಿ ನಿಂತಿತು. "ಕಟ್ಟೆಯ ಮೇಲೆ ಬಗ್ಗಿ ಜಗ್ಗುತ್ತಿದ್ದೆ," ಎಂದಿತು ಆ ದನಿ. "ಹಗ್ಗ ಫಟ್ಟನೆ ಹರಿಯಿತು. ಅರ್ಧ ಮೈ ಬಾವಿಯೊಳಗೆ ಹೋಗಿತ್ತು ಮಾಳೀ. ಅದೇ ಮೊದಲಲ್ಲ. ದಿನಾ ಹೆದರಿಕೊಂಡೇ ನೀರು ಸೇದುತ್ತಿದ್ದೆ. ಹೇಳಿದರೆ ನಿನಗೆ ನೋವಾಗುತ್ತದೆ ಎಂದು ಸುಮ್ಮನಿದ್ದೆ. ಸಂತೆಗೆ ಮುಟ್ಟಿಸುವ ಅವಸರಕ್ಕೆ ನಾರು ಒಣಗುವ ಮೊದಲೇ ಹೊಸೆಯುತ್ತೀಯ. ಮೇಲೆ ನುಣುಪು, ಒಳಗೆ ಕೊಳೆತಿರುತ್ತದೆ."

ಮಾಳವ್ವ ಗಳಗಳನೆ ಅತ್ತಳು. "ಹೌದು ಅಕ್ಕಾ. ಹಸಿನಾರು. ನನ್ನದೇ ತಪ್ಪು."

ಹಾವು ಸಡಿಲಾಗಿ ಹಗ್ಗದ ರಾಶಿಯಾಗಿ ಬಿತ್ತು. ರಾಶಿಯ ಹಿಂದೆ ದ್ಯಾಮವ್ವ ನಿಂತಿದ್ದಳು. "ಮಾಳೀ," ಎಂದಳು, ತನ್ನದೇ ಬಾಯಿಂದ. ಅಕ್ಕತಂಗಿಯರು ಅಪ್ಪಿಕೊಂಡರು.

ಆಗ ಒಂದು ನಗು ಕೇಳಿಸಿತು. ಕೆಂಡದ ಕುಂಡದ ಪಕ್ಕದಲ್ಲಿ ಬೂದಿಗಣ್ಣ ಕೂತಿದ್ದ, ಆನೆಯಷ್ಟು ದಪ್ಪ, ಕಣ್ಣಿನ ಜಾಗದಲ್ಲಿ ಬೂದಿ. ಅವನ ಸುತ್ತ ಕಾಣೆಯಾದ ಜನರೆಲ್ಲ ದನಿಯಿಲ್ಲದೆ ನಿಂತಿದ್ದರು. ದಂಡನಾಯಕನೂ ಇದ್ದ, ಮೀಸೆ ಜೋತುಬಿದ್ದಿತ್ತು.

"ಅಕ್ಕ ಸಿಕ್ಕಳಲ್ಲ, ಹೋಗು," ಎಂದ ಮಾಂತ್ರಿಕ. "ಆದರೆ ಮೇಲಿಂದ ಇಳಿಬಿಟ್ಟ ಹಗ್ಗವೂ ಹಸಿನಾರಿನದೇ ಅಲ್ಲವೇ? ಇಳಿಯುವಾಗಲೇ ಅರ್ಧ ಹರಿದಿದೆ. ಅಕ್ಕನನ್ನು ಮೊದಲು ಹತ್ತಿಸು. ಹರಿಯುತ್ತದೋ ಇಲ್ಲವೋ ತಿಳಿಯುತ್ತದೆ. ಇಷ್ಟು ದಿನ ನಿನ್ನ ಹಗ್ಗವನ್ನು ಪರೀಕ್ಷೆ ಮಾಡಿದವರು ಗಿರಾಕಿಗಳೇ ತಾನೇ?"

ಆ ಮಾತು ಚೂರಿಯಂತೆ ಚುಚ್ಚಿತು, ನಿಜವಾಗಿತ್ತಲ್ಲ! ಮಾಳವ್ವ ಜನರ ಕಡೆ ತಿರುಗಿದಳು. "ಅಣ್ಣಂದಿರಾ, ಅವ್ವಂದಿರಾ, ನಿಮಗೇನಾಯಿತು? ಒಬ್ಬೊಬ್ಬರಾಗಿ ಹೇಳಿ. ನಾನು ಕೇಳುತ್ತೇನೆ."

ಒಬ್ಬ ಮುದುಕಿಯ ತುಟಿ ಅಲುಗಿತು. "ಕುಡುಗೋಲಿನ ಹಿಡಿ ಕಳಚಿ ಬೆರಳು ಕುಯ್ದುಕೊಂಡೆ ತಾಯಿ," ಎಂದಳು. ದನಿ ಬಂದೇಬಿಟ್ಟಿತು! ಮಾಂತ್ರಿಕ ಆನೆಯಷ್ಟಿದ್ದವನು ಎಮ್ಮೆಯಷ್ಟಾದ. ಇನ್ನೊಬ್ಬ ಹೇಳಿದ, ಮತ್ತೊಬ್ಬಳು ಹೇಳಿದಳು. ಎಮ್ಮೆಯಷ್ಟಿದ್ದವನು ಮೇಕೆಯಷ್ಟಾದ. "ನಿನ್ನ ಹಗ್ಗ ನಡುದಾರಿಯಲ್ಲಿ ಕೈಕೊಟ್ಟಿತು, ಕೀಲೆಲ್ಲ ನೋಯುತ್ತಿದೆ!" ಎಂದು ದಂಡನಾಯಕ ಗುಡುಗಿದ. ಮಾಂತ್ರಿಕ ಬೆಕ್ಕಿನಷ್ಟಾಗಿ ಮೂಲೆ ಸೇರಿದ.

ಮಾಳವ್ವ ಹಗ್ಗದ ರಾಶಿ ಬಿಚ್ಚಿದಳು. ಕೊಳೆತ ನಾರು ಕಿತ್ತೆಸೆದಳು, ಗಟ್ಟಿ ನಾರನ್ನು ಅವನದೇ ಕೆಂಡದ ಕಾವಿನಲ್ಲಿ ಹರವಿ ಚೆನ್ನಾಗಿ ಒಣಗುವವರೆಗೆ ಕಾದಳು. ಅವಸರ ಮಾಡಲಿಲ್ಲ. ಆಮೇಲೆ ಜನ ಒಂದು ತುದಿ ಹಿಡಿದರು, ಅವಳು ಹೊಸೆದಳು. "ಕಲ್ಲಿಗೆ ಉಜ್ಜುವ ಕಡೆ ದಪ್ಪ ಮಾಡು," ಎಂದಳು ದ್ಯಾಮವ್ವ. ಮಾಡಿದಳು. ಹೊಸ ಹಗ್ಗವಾಯಿತು. ಆದರೆ ಅದನ್ನು ಮೇಲಿನ ಕಂಬಕ್ಕೆ ಕಟ್ಟುವವರು ಯಾರು? ಯಾರಾದರೂ ಹಳೆಯ ಹಗ್ಗ ಹಿಡಿದೇ ಹತ್ತಬೇಕು.

"ನಾನು ಹತ್ತುತ್ತೇನೆ," ಎಂದಳು ದ್ಯಾಮವ್ವ.

"ಬೇಡ ಅಕ್ಕಾ. ಹೊಸೆದವಳು ನಾನು," ಎಂದು ಮಾಳವ್ವ ಹೊಸ ಹಗ್ಗದ ತುದಿಯನ್ನು ಸೊಂಟಕ್ಕೆ ಕಟ್ಟಿಕೊಂಡಳು.

ಹತ್ತಿದಳು. ಕೈ ಬೆವೆತು ಜಾರುತ್ತಿತ್ತು. ನಡುದಾರಿಯಲ್ಲಿ ಟಪ್ ಎಂದಿತು. ಮೂರೆಳೆಯ ಹಗ್ಗದಲ್ಲಿ ಒಂದು ಎಳೆ ಹೋಯಿತು. ಕೆಳಗೆ ಅಕ್ಕ ಚೀರಿದಳು. ಅಕ್ಕ ದಿನಾ ಪಟ್ಟ ಭಯ ಎಂಥದೆಂದು ಮಾಳವ್ವನಿಗೆ ಈಗ ಮೈಗೆ ತಟ್ಟಿ ತಿಳಿಯಿತು. ಕಲ್ಲಿಗೆ ಕಾಲು ಕೊಟ್ಟು ಭಾರ ಇಳಿಸಿ ಮತ್ತೆ ಹತ್ತಿದಳು. ಟಪ್! ಎರಡನೆಯದೂ ಹೋಯಿತು. ಕೆಳಗೆ ನೋಡಿದರೆ ಬೂದಿಗಣ್ಣ! ತಿನ್ನಲು ಏನೂ ಉಳಿಯದೆ, ಹೊಸ ಊರು ಹುಡುಕಲು ಅದೇ ಹಗ್ಗ ಹಿಡಿದು ಇಲಿಯಂತೆ ಹಿಂದೆಯೇ ಹತ್ತಿ ಬರುತ್ತಿದ್ದ. ಅವನ ತಣ್ಣನೆಯ ಕೈ ಅವಳ ಹಿಮ್ಮಡಿ ಹಿಡಿಯಿತು. ಅವಳು ಕಾಲು ಝಾಡಿಸಿ ಕಟ್ಟೆಯ ಕಲ್ಲಿಗೆ ಕೈ ಚಾಚಿದಳು. ಬೆರಳು ಕಲ್ಲಿಗೆ ಸಿಕ್ಕಿತೋ ಇಲ್ಲವೋ, ಕೊನೆಯ ಎಳೆ ಹರಿಯಿತು. ಹಗ್ಗದ ಸಮೇತ ಮಾಂತ್ರಿಕ ಕೆಳಗೆ ಹೋಗಿ ತನ್ನದೇ ಕೆಂಡದ ಕುಂಡಕ್ಕೆ ಬಿದ್ದು ಚಿಟಿಕೆ ಬೂದಿಯಾದ.

ಮಾಳವ್ವ ಮೇಲೆ ಹತ್ತಿ ಹೊಸ ಹಗ್ಗ ಕಂಬಕ್ಕೆ ಕಟ್ಟಿದಳು. ಮುದುಕಿಯಿಂದ ದಂಡನಾಯಕನವರೆಗೆ ಒಬ್ಬೊಬ್ಬರೇ ಮೇಲೆ ಬಂದರು. ಹಗ್ಗ ಕಿಮಕ್ ಎನ್ನಲಿಲ್ಲ. ಪೇಟೆಯ ಬಾಗಿಲುಗಳು ಒಂದೊಂದಾಗಿ ತೆರೆದವು. ಕುಂಬಾರ ಜರಡಿ ತಂದ, ನೇಕಾರ ಮುಳ್ಳು ಆರಿಸಲು ಕೂತ. ಹಾಳುಬಾವಿಗೆ ಚಪ್ಪಡಿ ಮುಚ್ಚಿದರು. ಅಂದಿನಿಂದ ಮಾಲು ವಾಪಸು ತಂದವರಿಗೆ ಮೊದಲು ಮಣೆ, ಆಮೇಲೆ ಮಜ್ಜಿಗೆ, ಆಮೇಲೆ "ಏನಾಯಿತು, ಹೇಳಿ" ಎಂಬ ಮಾತು.

ಮರುದಿನ ದ್ಯಾಮವ್ವ ಹೊಸ ಹಗ್ಗದಲ್ಲಿ ನೀರು ಸೇದಿದಳು. ಮಾಳವ್ವ ಉಸಿರು ಬಿಗಿಹಿಡಿದು ಪಕ್ಕದಲ್ಲೇ ನಿಂತಿದ್ದಳು. ಕೊಡ ತುಂಬಿ ಮೇಲೆ ಬಂತು.

"ಗಟ್ಟಿಯಾಗಿದೆ," ಎಂದಳು ಅಕ್ಕ. "ಆದರೆ..."

ಮಾಳವ್ವನ ಕುತ್ತಿಗೆ ತಾನಾಗಿಯೇ ಆಚೆ ತಿರುಗಲು ಹೋಯಿತು. ತಡೆದುಕೊಂಡಳು.

"ಆದರೆ ಏನು ಅಕ್ಕಾ?"

"ತುದಿಯ ಗಂಟು ಅಂಗೈಗೆ ಒತ್ತುತ್ತದೆ."

"ಎಲ್ಲಿ, ಕೊಡು ನೋಡೋಣ," ಎಂದು ಮಾಳವ್ವ ಅಕ್ಕನ ಅಂಗೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡು, ಗಂಟು ಒತ್ತಿ ಕೆಂಪಾದ ಜಾಗವನ್ನು ಕಣ್ಣು ತುಂಬ ನೋಡಿದಳು. ಆಮೇಲೆ ಅಲ್ಲೇ ಕೂತು ಗಂಟು ಬಿಚ್ಚತೊಡಗಿದಳು. ಸೂರಂಗಿಯ ಜನ ಸುಖವಾಗಿ ಬಾಳಿದರು, ಗಿರಾಕಿಗಳು ಬಾಯಿ ತುಂಬ ಬೈದರು, ಅಂಗಡಿಯವರು ಕಿವಿ ತುಂಬ ಕೇಳಿದರು.